ಲೈಕ್ ಬರುತ್ತೆ, ಆರ್ಡರ್ ಯಾಕೆ ಬರಲ್ಲ?

ಇಳಕಲ್ ಸೀರೆ ಅಂಗಡಿಯ ಫೇಸ್‌ಬುಕ್ ಪೇಜಿಗೆ ದುಡ್ಡು ಹಾಕಿ ಬೂಸ್ಟ್ ಮಾಡಿದರೂ ಬರೀ ಲೈಕ್ ಬರುತ್ತೆ, ವ್ಯಾಪಾರ ಇಲ್ಲ ಅಂತ ಕೇಳಿದ್ದೀರಲ್ಲ, ಮೊದಲು ಆ ಬೂಸ್ಟ್ ನಿಲ್ಲಿಸಿ. 2018ರಲ್ಲೇ ಫೇಸ್‌ಬುಕ್ ಪೇಜುಗಳಿಗಿಂತ ಮನೆಯವರು, ಗೆಳೆಯರ ಪೋಸ್ಟುಗಳನ್ನು ಮುಂದೆ ತೋರಿಸಲು ಶುರು ಮಾಡಿತು. ಹಾಗಾಗಿ ಸುಮ್ನೆ ಮಡಚಿಟ್ಟ ಸೀರೆಯ ಫೋಟೋ ಹಾಕಿದರೆ ಪ್ರಯೋಜನ ಇಲ್ಲ.

ಜನ ನಿಂತು ನೋಡೋದು ಕೆಲಸವನ್ನು. ಮಗ್ಗದ ಮೇಲೆ ಒಡಲಿನ ಹತ್ತಿ ಎಳೆಗೆ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸ್ತಾರಲ್ಲ, ಆ ಕೈಗಳನ್ನೇ ಹತ್ತಿರದಿಂದ ಅರ್ಧ ನಿಮಿಷ ರೀಲ್ಸ್ ಮಾಡಿ, ನೇಕಾರರೇ ಎರಡು ಮಾತು ಹೇಳಲಿ. ಕೈಮಗ್ಗದ ಸೀರೆಗೆ ರೇಟ್ ಯಾಕೆ ಜಾಸ್ತಿ ಅಂತ ಗಿರಾಕಿಗೆ ಅಲ್ಲೇ ಗೊತ್ತಾಗುತ್ತೆ.

ಇನ್ನೊಂದು, ದಯವಿಟ್ಟು 'ರೇಟಿಗೆ ಇನ್‌ಬಾಕ್ಸ್ ಮಾಡಿ' ಅಂತ ಬರೆಯಬೇಡಿ. ಕೇಳೋಕೆ ಸಂಕೋಚ ಪಡುವವರು ಹಾಗೇ ಮುಂದೆ ಹೋಗಿಬಿಡ್ತಾರೆ, ಅಲ್ವಾ? ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪಿನಲ್ಲಿ ಕ್ಯಾಟಲಾಗ್ ಪುಕ್ಕಟೆ ಇದೆ. ಪ್ರತಿ ಸೀರೆಗೂ ಬೆಲೆ, ಉದ್ದ, ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ಮೊದಲ ಸಲ ಹೇಗೆ ಒಗೆಯಬೇಕು ಅನ್ನೋದನ್ನು ಕನ್ನಡದಲ್ಲೇ ಬರೆದಿಡಿ. ದುಡ್ಡು ಹಾಕಲೇಬೇಕು ಅಂದ್ರೆ, ಒತ್ತಿದ ತಕ್ಷಣ ನಿಮ್ಮ ವಾಟ್ಸ್‌ಆ್ಯಪ್ ಚಾಟ್ ತೆರೆಯುವ ಜಾಹೀರಾತಿಗೆ ಹಾಕಿ. ಆಮೇಲೆ ಬಂದ ಮೆಸೇಜಿಗೆ ಅದೇ ದಿನ ಉತ್ತರ ಕೊಡೋಕೆ ಮನೆಯಲ್ಲಿ ಒಬ್ಬರನ್ನು ಕೂರಿಸಿ.