ಹಳೆಯ ಇಂಪೋರ್ಟೆಡ್ ಬೈಕಿನ ಫ್ರಂಟ್ ಫೋರ್ಕ್ ಸೋರುತ್ತಿದೆ. ಒರಿಜಿನಲ್ ಸೀಲ್ ತರಿಸಲಾ, ಲೋಕಲ್ ಹಾಕಿಸಲಾ?

ಜಪಾನಿನಿಂದ ಸೀಲ್ ತರಿಸೋದಾ, ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಗೋದನ್ನೇ ಹಾಕಿಸೋದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಮೊದಲು ಫೋರ್ಕಿನ ಪೈಪ್ ನೋಡಿ, ಅಂದರೆ ಸೀಲಿನ ಮೂಲಕ ಒಳಗೆ ಹೊರಗೆ ಜಾರುವ ಆ ಕ್ರೋಮ್ ಕೊಳವೆ.

ನನ್ನದು 1997ರ ಸುಜುಕಿ ಬ್ಯಾಂಡಿಟ್ 600. ಜಯನಗರದ ಮನೆಯ ಬೇಸ್‌ಮೆಂಟಲ್ಲಿ ಕವರ್ ಹಾಕಿ ನಿಲ್ಲಿಸಿದ್ದೆ. ಮಳೆಗಾಲ ಪೂರ್ತಿ ಮುಟ್ಟಲಿಲ್ಲ. ಕವರಿನ ಒಳಗೇ ತೇವ ಕೂತಿರುತ್ತೆ ಅಂತ ಹೊಳೆಯಲೂ ಇಲ್ಲ. ಹೊರಗೆ ತೆಗೆದು ಒಂದೆರಡು ಹಂಪ್ ದಾಟಿಸಿದ್ದೇ ತಡ, ಮುಂದಿನ ಬಲಗಡೆ ಶಾಕಪ್‌ನಿಂದ, ಅಂದರೆ ಫೋರ್ಕಿನಿಂದ, ಎಣ್ಣೆ ಇಳಿಯೋಕೆ ಶುರುವಾಯಿತು.

ಸೀಲ್ ಹೋಗಿದೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಳ್ಳೋದು. ಒರಿಜಿನಲ್ಲೇ ಬೇಕು ಅಂತ ಹಟ ಹಿಡಿದು, ಕಸ್ಟಮ್ಸ್ ಕಟ್ಟಿ, ವಾರಗಟ್ಟಲೆ ಕಾದು ತರಿಸಿದೆ. ಹಾಕಿದ ಮೇಲೆ ಸ್ವಲ್ಪ ದಿನ ಚೆನ್ನಾಗಿತ್ತು. ಮತ್ತೆ ಸೋರಿತು. ಆಗ ಟಾರ್ಚ್ ಹಿಡಿದು ನೋಡಿದರೆ, ಡಸ್ಟ್ ಸೀಲ್‌ಗಿಂತ (ಎಣ್ಣೆ ಸೀಲಿನ ಮೇಲೆ ಧೂಳು ತಡೆಯೋ ರಬ್ಬರ್) ಒಂದೆರಡು ಇಂಚು ಮೇಲೆ, ಪೈಪಿನ ಮುಂಭಾಗದಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು. ಕಣ್ಣಿಗೆ ಅದೊಂದು ದೊಡ್ಡ ವಿಷಯ ಅನ್ನಿಸಲ್ಲ. ಮೇಲಿಂದ ಕೆಳಗೆ ಉಗುರು ಎಳೆದರೆ ಮಾತ್ರ ಟಕ್ ಅಂತ ಸಿಕ್ಕಿಕೊಳ್ಳುತ್ತೆ. ಹೊಸ ಸೀಲನ್ನು ಹರಿದಿದ್ದು ಅದೇ.

ಅಷ್ಟಕ್ಕೇ ಬಿಟ್ಟಿದ್ದರೆ ಸ್ವಲ್ಪದರಲ್ಲಿ ಮುಗಿಯುತ್ತಿತ್ತು. ನಾನು ಹಾರ್ಡ್‌ವೇರ್ ಅಂಗಡಿಯಿಂದ 220 ನಂಬರಿನ ಎಮರಿ ಪೇಪರ್ ತಂದೆ. ಪೈಪನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಭಾನುವಾರ ಮಧ್ಯಾಹ್ನ ಕೂತು ಚೆನ್ನಾಗಿ ಉಜ್ಜಿದೆ. ಚುಕ್ಕಿ ಹೋಯಿತು, ಪೈಪ್ ಫಳಫಳ. ಖುಷಿಯೋ ಖುಷಿ.

ಇದು ಯಾಕೆ ಅಷ್ಟು ಕೆಟ್ಟ ಕೆಲಸ ಅಂತ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಸೀಲಿನ ಒಳಗಿರೋದು ತೆಳ್ಳಗಿನ ರಬ್ಬರ್ ತುಟಿ. ಅದರ ಹಿಂದೆ ಉಂಗುರದ ಆಕಾರದ ಸಣ್ಣ ಸ್ಪ್ರಿಂಗ್ ಇದ್ದು, ತುಟಿಯನ್ನು ಪೈಪಿಗೆ ಒತ್ತಿ ಹಿಡಿದಿರುತ್ತೆ. ಪೈಪ್ ಒಳಗೆ ಹೋಗಿ ಹೊರಗೆ ಬಂದಾಗಲೆಲ್ಲ ತುಟಿ ಎಣ್ಣೆಯನ್ನು ಬಳಿದು ಒಳಗೇ ಉಳಿಸುತ್ತೆ. ಫ್ಯಾಕ್ಟರಿಯಲ್ಲಿ ಪೈಪನ್ನು ತಿರುಗಿಸುತ್ತಾ ಗ್ರೈಂಡ್ ಮಾಡುತ್ತಾರೆ. ಹಾಗಾಗಿ ಗೆರೆ ಏನಿದ್ದರೂ ಪೈಪಿನ ಸುತ್ತ, ಅಡ್ಡಡ್ಡ. ಅಡ್ಡ ಗೆರೆಯಲ್ಲಿ ಕೂತ ಎಣ್ಣೆ ತುಟಿ ದಾಟೋದು ಕಷ್ಟ. ನಾನು ಎಳೆದಿದ್ದು ಉದ್ದುದ್ದ ಗೆರೆ. ಇಳಿಜಾರು ಹೊಲದಲ್ಲಿ ಇಳಿಜಾರಿನ ಉದ್ದಕ್ಕೇ ಸಾಲು ಹೊಡೆದರೆ ನೀರು ನಿಲ್ಲುತ್ತಾ? ಒಂದೊಂದು ಗೆರೆಯೂ ತುಟಿಯ ಅಡಿಯಿಂದ ಎಣ್ಣೆಗೆ ಕಾಲುವೆ ಆಯಿತು. ಜೊತೆಗೆ 220 ಎಷ್ಟು ಒರಟು ಅಂದರೆ, ಚುಕ್ಕಿಯ ಸುತ್ತ ಇದ್ದ ಒಳ್ಳೆ ಕ್ರೋಮನ್ನೂ ತಿಂದುಹಾಕಿತ್ತು. ಒಳಗಿನ ಕಬ್ಬಿಣ ಬಯಲಾದ ಮೇಲೆ ತುಕ್ಕಿಗೆ ಕೇಳಬೇಕಾ?

ಮತ್ತೆ ಸೀಲ್ ಹಾಕಿ ನಂದಿ ಬೆಟ್ಟಕ್ಕೆ ಹೋದೆ. ವಾಪಸ್ ಬರುತ್ತಾ ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಮುಂದೆ ಬಿಎಂಟಿಸಿ ಬಸ್ ನಿಂತಿತು. ಮುಂದಿನ ಬ್ರೇಕ್ ಹಿಡಿದೆ. ಲಿವರ್ ಗಟ್ಟಿಯಾಗಿದೆ, ಗಾಡಿ ನಿಲ್ಲುತ್ತಿಲ್ಲ. ಹಿಂದಿನ ಬ್ರೇಕ್ ತುಳಿದು, ಗೇರ್ ಇಳಿಸಿ, ಬಸ್ಸಿನ ಎಡಕ್ಕೆ ನುಗ್ಗಿಸಿ ಹೇಗೋ ನಿಲ್ಲಿಸಿದೆ. ಕೆಳಗೆ ಬಗ್ಗಿ ನೋಡಿದರೆ ಎಣ್ಣೆ ಫೋರ್ಕಿನ ಕೆಳಭಾಗದ (ಬಾಟಮ್) ಮೇಲಿಂದ ಇಳಿದು, ಕ್ಯಾಲಿಪರ್ ಒದ್ದೆ ಮಾಡಿ, ಡಿಸ್ಕಿಗೂ ಬಳಿದುಕೊಂಡಿತ್ತು. ಪ್ಯಾಡ್ ಎಣ್ಣೆ ಕುಡಿದಿತ್ತು. ಅದನ್ನು ತೊಳೆದು, ಉಜ್ಜಿ, ಸುಟ್ಟು, ಮತ್ತೆ ಹಾಕಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎಸೆದು ಹೊಸದು ಹಾಕಿ.

ಕೊನೆಗೆ ಪೈಪ್ ಬಿಚ್ಚಿಕೊಂಡು ಪೀಣ್ಯಕ್ಕೆ ಹೋದೆ. ಹಾರ್ಡ್ ಕ್ರೋಮ್ ಮಾಡುವ ಸಣ್ಣ ಶೆಡ್. ಅಲ್ಲಿನ ಹಿರಿಯರು ಪೈಪನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ನಿಧಾನಕ್ಕೆ ತಿರುಗಿಸಿ ನೋಡಿದರು.

"ಯಾರು ಸಾರ್ ಇದನ್ನ ಉಜ್ಜಿದ್ದು?"

"ಮೆಕ್ಯಾನಿಕ್" ಅಂದೆ.

"ಇನ್ಮೇಲೆ ಅವನ ಹತ್ರ ಬಿಡಬೇಡಿ" ಅಂದರು.

ಸೀಲಿನ ನಾಲ್ಕಾರು ಪಟ್ಟು ದುಡ್ಡು ಅಲ್ಲಿ ಹೋಯಿತು. ಹಳೆ ಕ್ರೋಮ್ ತೆಗೆದು, ಹೊಸದು ಹತ್ತಿಸಿ, ಮತ್ತೆ ಅಳತೆಗೆ ಗ್ರೈಂಡ್ ಮಾಡಿ ಕೊಟ್ಟರು. ಇವತ್ತಿನವರೆಗೂ ಹನಿ ಬಿದ್ದಿಲ್ಲ.

ಈಗ ನಿಮ್ಮ ಗಾಡಿ. ಪೈಪಿಗೆ ಒಂದು ಜಿಪ್ ಟೈ ಕಟ್ಟಿ, ಡಸ್ಟ್ ಸೀಲಿಗೆ ತಾಗುವಂತೆ ಇಳಿಸಿ, ಮಾಮೂಲಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ. ಟೈ ಎಲ್ಲಿಗೆ ಏರಿ ನಿಂತಿತೋ ಅಲ್ಲಿವರೆಗೆ ಸೀಲ್ ಓಡಾಡುತ್ತೆ. ಗುಂಡಿಗೆ ಬಿದ್ದಾಗ ಇನ್ನೂ ಸ್ವಲ್ಪ ಮೇಲೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟು ಜಾಗದಲ್ಲಿ ಉಗುರು ಸಿಕ್ಕದಿದ್ದರೆ ನಿಮ್ಮ ಪುಣ್ಯ. ಅದಕ್ಕಿಂತ ಮೇಲೆ, ಟೀ (ಎರಡೂ ಪೈಪ್ ಹಿಡಿದಿರುವ ಕ್ಲಾಂಪ್) ಹತ್ತಿರ ತುಕ್ಕಿದ್ದರೆ ಸೋರಿಕೆಗೂ ಅದಕ್ಕೂ ಸಂಬಂಧ ಇಲ್ಲ.

ಒಂದೆರಡು ಸಣ್ಣ ಚುಕ್ಕಿ ಮಾತ್ರ ಇದ್ದರೆ 1500 ಅಥವಾ 2000 ನಂಬರಿನ ವಾಟರ್ ಪೇಪರ್ ಪಟ್ಟಿಯನ್ನು ಪೈಪಿಗೆ ಸುತ್ತಿ, ಎರಡೂ ತುದಿ ಹಿಡಿದು ಅಡ್ಡಕ್ಕೆ ಎಳೆದಾಡಿ. ಎದ್ದ ಅಂಚು ಹೋದರೆ ಸಾಕು. ಚುಕ್ಕಿಯ ಗುಂಡಿಯೊಳಗೆ ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದೇ ಪೇಪರಲ್ಲಿ ಸಮ ಮಾಡಿ. ಜಾಸ್ತಿ ಇದ್ದರೆ ಹಾರ್ಡ್ ಕ್ರೋಮೇ ಗತಿ. ಕೊಡುವ ಮುಂಚೆ ಪೈಪ್ ಬಾಗಿದೆಯಾ ಅಂತ ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜಲ್ಲಿ ನೋಡಿಸಿ. ಚೆನ್ನಾಗಿರುವ ಜಾಗದ ವ್ಯಾಸವನ್ನು ಮೈಕ್ರೋಮೀಟರಲ್ಲಿ ಅಳೆದು ಬರೆದುಕೊಡಿ. ದಪ್ಪವಾದರೆ ಪೈಪ್ ಜಾರುವ ಬುಷ್ ಬಿಗಿಯುತ್ತೆ, ಸಣ್ಣಗಾದರೆ ಮತ್ತೆ ಸೋರುತ್ತೆ.

ಬಿಚ್ಚುವಾಗ ಒಂದು ಮಾತು. ನಿಮ್ಮದೂ ನನ್ನದರ ಥರ ಹಳೆ ಡ್ಯಾಂಪರ್ ರಾಡ್ ಫೋರ್ಕ್ (ಒಳಗೆ ಕುಲುಕು ತಗ್ಗಿಸೋ ಒಂದು ರಾಡ್ ಇರೋದು) ಆಗಿದ್ದರೆ, ಮೇಲಿನ ಕ್ಯಾಪ್ ತೆಗೆಯುವ ಮುಂಚೆಯೇ ಅಡಿಯ ಅಲೆನ್ ಬೋಲ್ಟ್ ಸಡಿಲಿಸಿ. ಫೋರ್ಕಿನ ದೊಡ್ಡ ಸ್ಪ್ರಿಂಗ್ ಒತ್ತಿ ಹಿಡಿದಿರೋದರಿಂದ ಒಳಗಿನ ರಾಡ್ ತಿರುಗಲ್ಲ. ಸ್ಪ್ರಿಂಗ್ ತೆಗೆದ ಮೇಲೆ ಬೋಲ್ಟ್ ಸುಮ್ನೆ ಸುತ್ತುತ್ತಾ ಇರುತ್ತೆ. ಎಣ್ಣೆಯನ್ನು ಬರೀ ಮಿಲಿಲೀಟರ್ ಲೆಕ್ಕದಲ್ಲಿ ಸುರಿಯಬೇಡಿ, ಹಳೆಯದು ಒಳಗೆ ಎಷ್ಟು ಉಳಿದಿದೆ ಅಂತ ಕಾಣಲ್ಲ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಒತ್ತಿ, ಪೈಪಿನ ಬಾಯಿಂದ ಎಣ್ಣೆ ಎಷ್ಟು ಕೆಳಗಿದೆ ಅಂತ ಅಳೆಯಿರಿ. ಮ್ಯಾನುಯಲ್‌ನಲ್ಲಿ ಆ ಅಳತೆ ಇರುತ್ತೆ. ಎಣ್ಣೆ ಜಾಸ್ತಿಯಾದರೆ ಒಳಗಿನ ಗಾಳಿಗೆ ಜಾಗ ಕಮ್ಮಿ, ಹಂಪ್ ಮೇಲೆ ಬಿದ್ದಾಗ ಆ ಒತ್ತಡವೆಲ್ಲ ಸೀಲಿನ ಮೇಲೆ. ಒಂದೇ ಕಡೆ ಸೋರಿದ್ದರೂ ಎರಡೂ ಕಡೆ ಮಾಡಿ. ಬುಷ್ ಸವೆದಿದ್ದರೆ ಅದನ್ನೂ ಬದಲಾಯಿಸಿ.

ಕೆಟಿಎಂ ಡ್ಯೂಕ್ ಬೈಕಿನ ಫೋರ್ಕ್ ಹಾಕಿಸಿಬಿಡಿ ಅನ್ನೋರು ಸಿಕ್ಕೇ ಸಿಗ್ತಾರೆ. ಟೀ, ಆಕ್ಸಲ್, ಕ್ಯಾಲಿಪರ್ ಎಲ್ಲಾ ಬದಲಾಗುತ್ತೆ. ಹಳೆ ಗಾಡಿಗೆ ಆ ಗತಿ ಬೇಡ.

ಇನ್ನು ಸೀಲ್. ಪೈಪ್ ಸರಿ ಹೋದ ಮೇಲೆ ಒಳ್ಳೆ ಲೋಕಲ್ ಸೀಲ್ ಧಾರಾಳವಾಗಿ ನಡೆಯುತ್ತೆ. ಹಳೆ ಸೀಲ್ ಮೇಲೆ ಮೂರು ಅಳತೆ ಒತ್ತಿರುತ್ತೆ: ಒಳವ್ಯಾಸ, ಹೊರವ್ಯಾಸ, ಎತ್ತರ. ಅಳಿಸಿಹೋಗಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ. ನನ್ನ ಬ್ಯಾಂಡಿಟ್‌ದು 41 ಎಂಎಂ ಪೈಪ್, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್‌ದೂ 41. ಅಷ್ಟಕ್ಕೇ ಅದರ ಸೀಲ್ ಕೂತುಬಿಡುತ್ತೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ, ಉಳಿದ ಎರಡು ಅಳತೆಯನ್ನೂ ಕೌಂಟರಲ್ಲೇ ತಾಳೆ ನೋಡಿ.