ಓದುಗರ ಪ್ರಶ್ನೆ, ನಮ್ಮ ಉತ್ತರ: ಮ್ಯಾಮತ್ ಹಲ್ಲಿನ ಪುಡಿಯಲ್ಲಿ ಏನಿದೆ?

ಪ್ರಶ್ನೆ: ಹತ್ತು ಲಕ್ಷ ವರ್ಷ ಹಳೆಯ ಮ್ಯಾಮತ್ (ಅಳಿದುಹೋದ, ಆನೆಯ ನೆಂಟ ಪ್ರಾಣಿ) ಹಲ್ಲಿನಿಂದ ಡಿಎನ್‌ಎ ತೆಗೆದಿದ್ದಾರೆಂದು ಓದಿದೆ. ಅಷ್ಟು ಕಾಲ ನೆಲದಲ್ಲಿ ಹೂತಿದ್ದ ಹಲ್ಲಿನಲ್ಲಿ ಸಿಕ್ಕಿದ್ದು ಆ ಪ್ರಾಣಿಯದೇ ಹೊರತು ಅಗೆದವರ ಕೈಯದಲ್ಲ ಎಂದು ಹೇಗೆ ನಂಬುವುದು? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ತಮ್ಮ ಅನುಮಾನ ನ್ಯಾಯವಾದದ್ದು. ಈ ವಿದ್ಯೆಯಲ್ಲಿ ತೊಡಗಿದವರನ್ನು ನಾಲ್ಕು ದಶಕಗಳಿಂದ ಕಾಡುತ್ತಿರುವುದೂ ಇದೇ ಅನುಮಾನ. ಅಳಿದುಹೋದ ಪ್ರಾಣಿಯೊಂದರ ಡಿಎನ್‌ಎಯನ್ನು ಮೊದಲ ಬಾರಿಗೆ ಓದಿದ್ದು 1984ರಲ್ಲಿ. ದಕ್ಷಿಣ ಆಫ್ರಿಕದಲ್ಲಿದ್ದ ಕ್ವಾಗಾ ಎಂಬ, ಮೈಯ ಮುಂಭಾಗಕ್ಕಷ್ಟೇ ಪಟ್ಟೆಗಳಿದ್ದ, ಜೀಬ್ರಾದಂಥ ಪ್ರಾಣಿಗಳ ಪೈಕಿ ಕೊನೆಯದು 1883ರಲ್ಲಿ ಆಮ್ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತ್ತು. ಜರ್ಮನಿಯ ಮೈನ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಕ್ವಾಗಾ ತೊಗಲೊಂದರ ಒಳಬದಿಗೆ ಒಣಗಿದ ಮಾಂಸದ ಚೂರು ಅಂಟಿಕೊಂಡಿತ್ತು; ತೊಗಲನ್ನು ಹಸನು ಮಾಡಿದವರು ಇನ್ನಷ್ಟು ಅಚ್ಚುಕಟ್ಟಾಗಿ ಕೆರೆದಿದ್ದರೆ ಅದೂ ಉಳಿಯುತ್ತಿರಲಿಲ್ಲ. ಆ ಚೂರಿನಿಂದ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ರಸೆಲ್ ಹಿಗುಚಿ, ಆಲನ್ ವಿಲ್ಸನ್ ಮತ್ತು ಅವರ ಸಂಗಡಿಗರು ಓದಲು ಸಾಧ್ಯವಾದದ್ದು ಒಟ್ಟು 229 ಅಕ್ಷರಗಳನ್ನು (ಡಿಎನ್‌ಎ ಸರಪಳಿಯ ಕೊಂಡಿಗಳನ್ನು ಹೀಗೆ ಕರೆಯುತ್ತಾರೆ) ಮಾತ್ರ, ಆದರೆ ಕ್ವಾಗಾ ಜೀಬ್ರಾದ ಹತ್ತಿರದ ಸಂಬಂಧಿಯೆಂದು ತೋರಿಸಲು ಅಷ್ಟೇ ಸಾಕಾಯಿತು.

ಈಗ ಕೆಲಸ ನಡೆಯುವ ಬಗೆ ಹೀಗಿದೆ. ಹಲ್ಲಿನ ಬೇರನ್ನೋ, ಒಳಗಿವಿಯನ್ನು ಸುತ್ತುವರಿದ, ದೇಹದಲ್ಲೇ ಅತ್ಯಂತ ಗಟ್ಟಿಯಾದ ಮೂಳೆಯನ್ನೋ ಆರಿಸಿಕೊಂಡು ಮೊದಲು ಅದರ ಹೊರಪದರವನ್ನು ಉಜ್ಜಿ ತೆಗೆಯುತ್ತಾರೆ. ಬಿಸಿಯೇರಿದರೆ ಉಳಿದಿರುವ ಅಲ್ಪಸ್ವಲ್ಪವೂ ಹಾಳಾಗುವುದರಿಂದ ಡ್ರಿಲ್ಲನ್ನು ನಿಧಾನವಾಗಿ ತಿರುಗಿಸುತ್ತಾ, ರಾಗಿಹಿಟ್ಟಿನಷ್ಟು ನುಣುಪಾದ ಪುಡಿಯನ್ನು ಒಂದು ಚಿಟಿಕೆಯಷ್ಟು ಪಡೆಯುತ್ತಾರೆ. ಈ ಪುಡಿಯನ್ನು ಸುಣ್ಣದ ಅಂಶ ಕರಗಿಸುವ ದ್ರಾವಣದಲ್ಲಿ, ಪ್ರೋಟೀನನ್ನು ಜೀರ್ಣಿಸುವ ಕಿಣ್ವದ ಜೊತೆಗೆ ರಾತ್ರಿಯಿಡೀ ಮೆಲ್ಲಗೆ ಅಲುಗಾಡಿಸಿ, ಬಿಡುಗಡೆಯಾದ ಡಿಎನ್‌ಎಯನ್ನು ಸಿಲಿಕಾ ಕಣಗಳಿಗೆ ಅಂಟಿಸಿ, ಉಳಿದದ್ದನ್ನು ತೊಳೆದುಬಿಡುತ್ತಾರೆ. ಕೊನೆಗೆ ಕೈಗೆ ಬರುವುದು ಬರಿಗಣ್ಣಿಗೆ ನೀರಿನಂತೆಯೇ ಕಾಣುವ ಕೆಲವು ಹನಿಗಳು. ಅದರಲ್ಲಿರುವ ಡಿಎನ್‌ಎಯ ಬಹುಪಾಲು ಮಣ್ಣಿನ ಬ್ಯಾಕ್ಟೀರಿಯಾಗಳದ್ದು; ಎಷ್ಟೋ ಮೂಳೆಗಳಲ್ಲಿ ಪ್ರಾಣಿಯ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. ಅದಾದರೂ ನಲವತ್ತು ಐವತ್ತು ಅಕ್ಷರಗಳ ತುಣುಕುಗಳಾಗಿರುತ್ತದೆ, ಆನೆಯ ಇಡೀ ಜೀನೋಮಿನಲ್ಲಿ, ಎಂದರೆ ಅದರ ಡಿಎನ್‌ಎಯ ಪೂರ್ಣ ಪಾಠದಲ್ಲಿ, 300 ಕೋಟಿಗೂ ಹೆಚ್ಚು ಅಕ್ಷರಗಳಿರುವಾಗ. ಕೋಟಿಗಟ್ಟಲೆ ತುಣುಕುಗಳನ್ನು ಯಂತ್ರದಲ್ಲಿ ಓದಿಸಿ, ಈಗಿನ ಆನೆಯ ಜೀನೋಮನ್ನು ಪಕ್ಕದಲ್ಲಿಟ್ಟುಕೊಂಡು, ಯಾವುದು ಎಲ್ಲಿಗೆ ಸೇರುತ್ತದೆಂದು ಕಂಪ್ಯೂಟರಿನಲ್ಲಿ ಹೊಂದಿಸುತ್ತಾರೆ. ಸುಮಾರು ಮೂವತ್ತು ಅಕ್ಷರಗಳಿಗಿಂತ ಗಿಡ್ಡವಾದ ತುಣುಕುಗಳು ಎಲ್ಲಿ ಬೇಕಾದರೂ ಕೂರಬಲ್ಲವಾದ್ದರಿಂದ ಅವನ್ನು ಕೈಬಿಡುತ್ತಾರೆ.

ಇನ್ನು ನಂಬಿಕೆಯ ಮಾತು. ಮುಸುಕು, ಎರಡು ಜೊತೆ ಕೈಗವಸು, ಬ್ಲೀಚಿನಿಂದ ಒರೆಸಿದ ಮೇಜು, ಅತಿನೇರಳೆ ದೀಪ, ಹೊರಗಿನ ಗಾಳಿ ಒಳನುಗ್ಗದಂತೆ ಒತ್ತಡ ಹೆಚ್ಚಿಸಿದ ಕೋಣೆ ಇವೆಲ್ಲ ಬೇಕೇ ಬೇಕು, ಆದರೂ ಸಾಲವು. ಪ್ರಯೋಗಾಲಯಕ್ಕೆ ಬರುವ ರಾಸಾಯನಿಕಗಳಲ್ಲೇ ಹಸು, ಹಂದಿ, ಕೋಳಿಗಳ ಡಿಎನ್‌ಎ ಇದ್ದದ್ದು ಪತ್ತೆಯಾಗಿದೆ! ಆದ್ದರಿಂದ ನಿಜವಾದ ಸಾಕ್ಷಿಯನ್ನು ಹಳೆಯ ಡಿಎನ್‌ಎಯ ಸವಕಳಿಯಲ್ಲೇ ಹುಡುಕಬೇಕಾಯಿತು. ಅದರ ನಾಲ್ಕು ಅಕ್ಷರಗಳಲ್ಲಿ ‘ಸಿ’ ಎಂಬುದು ತೇವಾಂಶದಿಂದಾಗಿ ಕಾಲಕ್ರಮದಲ್ಲಿ ಯುರಾಸಿಲ್ ಎಂಬ ಬೇರೆ ರಾಸಾಯನಿಕವಾಗಿ ಕೆಡುತ್ತದೆ, ಓದುವಾಗ ಅದು ‘ಟಿ’ ಎಂದು ಕಾಣಿಸುತ್ತದೆ. ತುಣುಕಿನ ತುದಿಗಳಲ್ಲಿ ಡಿಎನ್‌ಎಯ ಎರಡು ಎಳೆಗಳ ಪೈಕಿ ಒಂದೇ ಒಂಟಿಯಾಗಿ ಚಾಚಿಕೊಂಡಿರುವುದರಿಂದ ಈ ಕೇಡು ಅಲ್ಲಿ ಹೆಚ್ಚು, ನಡುವೆ ಕಡಿಮೆ. ಮೊನ್ನೆ ಮುಟ್ಟಿದವರ ಬೆವರಿನಿಂದ ಬಂದ ಡಿಎನ್‌ಎಯಲ್ಲಿ ತುಣುಕುಗಳು ಉದ್ದವಾಗಿರುತ್ತವೆ, ತುದಿಗಳು ಹೀಗೆ ಕೆಟ್ಟಿರುವುದಿಲ್ಲ. ತಾವು ಓದಿದ ಸುದ್ದಿ ಬಹುಶಃ ಸ್ವೀಡನ್ನಿನ ವಿಜ್ಞಾನಿ ಲವ್ ದಾಲೆನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಸೈಬೀರಿಯದ ಹಲ್ಲುಗಳದ್ದು. ಹತ್ತು ಲಕ್ಷ ವರ್ಷ ದಾಟಿದ ಆ ಹಲ್ಲುಗಳನ್ನು ಒಪ್ಪುವಾಗಲೂ ಈ ಗುರುತನ್ನು ನೋಡಲಾಗಿದೆ.

ಪ್ರಶ್ನೆ: ಇಂಥ ಸುದ್ದಿಗಳು ಯಾವಾಗಲೂ ಸೈಬೀರಿಯ, ಕೆನಡಾಗಳಿಂದಲೇ ಏಕೆ ಬರುತ್ತವೆ? ನಮ್ಮಲ್ಲಿ ಹಳೆಯ ಮೂಳೆಗಳಿಲ್ಲವೇ? ಡೈನೋಸಾರ್‌ಗಳದ್ದು ಸಿಗುವುದಿಲ್ಲವೇ? (ಓದುಗರೊಬ್ಬರು, ಬಳ್ಳಾರಿ)

ಉತ್ತರ: ಮೂಳೆಗಳಿವೆ, ಸಾಲದಿರುವುದು ಚಳಿ. ನ್ಯೂಜಿಲೆಂಡಿನ ಮೋವಾ ಎಂಬ ಅಳಿದ ಹಕ್ಕಿಯ 158 ಮೂಳೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಮಾರು 13 ಡಿಗ್ರಿ ಸೆಲ್ಸಿಯಸ್ ನೆಲದಲ್ಲಿ 242 ಅಕ್ಷರಗಳಷ್ಟು ಉದ್ದದ ತುಣುಕುಗಳಲ್ಲಿ ಅರ್ಧದಷ್ಟು ಪ್ರತಿ 521 ವರ್ಷಕ್ಕೊಮ್ಮೆ ಮುರಿದುಹೋಗುತ್ತವೆ. ನೆಲ ಬೆಚ್ಚಗಾದಷ್ಟೂ ಈ ಅವಧಿ ಕುಗ್ಗುತ್ತದೆ, ಹೆಪ್ಪುಗಟ್ಟಿದ ನೆಲದಲ್ಲಿ ಬಹುವಾಗಿ ಹಿಗ್ಗುತ್ತದೆ. ಕೆನಡಾದ ಯೂಕಾನ್ ಪ್ರಾಂತ್ಯದ ಹೆಪ್ಪುನೆಲದಲ್ಲಿ ಸಿಕ್ಕಿದ ಸುಮಾರು 7 ಲಕ್ಷ ವರ್ಷ ಹಳೆಯ ಕುದುರೆಯ ಕಾಲಿನ ಮೂಳೆಯಿಂದ 2013ರಲ್ಲೇ ಜೀನೋಮ್ ಓದಿದ್ದರು. ನಮ್ಮ ಕಡೆಯ ಪಾಡು ತಿಳಿಯಬೇಕಿದ್ದರೆ ಹರಿಯಾಣದ ರಾಖಿಗಢಿಯನ್ನು ನೋಡಬೇಕು: ಅವು ಮನುಷ್ಯರ ಮೂಳೆಗಳು, ಹಳೆಯವೆಂದರೆ ನಾಲ್ಕೂವರೆ ಸಾವಿರ ವರ್ಷದವು, ಆದರೂ ಪರೀಕ್ಷಿಸಿದ 61 ಮಾದರಿಗಳಲ್ಲಿ ಓದಲು ಸಿಕ್ಕಿದ್ದು ಒಂದೇ ಒಂದು.

ಡೈನೋಸಾರ್ ಡಿಎನ್‌ಎ ಸಿಕ್ಕಿತೆಂದು 1994ರಲ್ಲಿ ದೊಡ್ಡ ಸುದ್ದಿಯಾಗಿತ್ತು. 8 ಕೋಟಿ ವರ್ಷದ್ದೆಂದ ಆ ಡಿಎನ್‌ಎ ಮನುಷ್ಯನದೆಂದು ಮರುವರ್ಷವೇ ಬೇರೆಯವರು ತೋರಿಸಿದರು.

ಪ್ರಶ್ನೆ: ಇಡೀ ಜೀನೋಮ್ ಕೈಯಲ್ಲಿರುವಾಗ ಮ್ಯಾಮತ್‌ಗೆ ಮರುಹುಟ್ಟು ಕೊಡಲು ಏನು ಅಡ್ಡಿ? (ಓದುಗರೊಬ್ಬರು, ಧಾರವಾಡ)

ಉತ್ತರ: ಕೈಯಲ್ಲಿರುವುದು ಅಕ್ಷರಗಳ ಪಟ್ಟಿ, ಜೀವಂತ ಕೋಶವಲ್ಲ. ಸ್ಪೇನಿನ ಬುಕಾರ್ಡೋ ಎಂಬ ಕಾಡುಮೇಕೆಯನ್ನು 2003ರಲ್ಲಿ ತದ್ರೂಪಿಯಾಗಿ ಹುಟ್ಟಿಸಲು ಸಾಧ್ಯವಾದದ್ದು ಕೊನೆಯ ಹೆಣ್ಣಿನ ಕೋಶಗಳನ್ನು ಅದು ಬದುಕಿದ್ದಾಗಲೇ ಶೀತಲೀಕರಿಸಿ ಇಟ್ಟಿದ್ದರಿಂದ. ಆ ಮರಿಯೂ ಕೆಲವು ನಿಮಿಷಗಳಷ್ಟೇ ಉಸಿರಾಡಿತು. ಅಮೆರಿಕದ ಕಂಪನಿಯೊಂದು 2025ರಲ್ಲಿ ‘ಡೈರ್ ತೋಳ’ (ಅಳಿದುಹೋದ ಒಂದು ದೊಡ್ಡ ತೋಳ) ಎಂದು ತೋರಿಸಿದ ಮರಿಗಳು ಬೂದುತೋಳದ 14 ವಂಶವಾಹಿಗಳಲ್ಲಿ 20 ತಿದ್ದುಪಡಿ ಮಾಡಿ ಪಡೆದವು. ನನ್ನ ಲೆಕ್ಕದಲ್ಲಿ ಅವು ತಿದ್ದಿದ ಬೂದುತೋಳಗಳೇ.

ಹಳೆಯ ಡಿಎನ್‌ಎಯಿಂದ ದಕ್ಕಿದ ನಿಜವಾದ ಬೆಲೆಯುಳ್ಳ ಫಲ ಬೇರೆಯದು. 43,000 ವರ್ಷ ಹಳೆಯ ಮ್ಯಾಮತ್‌ನ ಡಿಎನ್‌ಎಯಿಂದ ಅದರ ಹಿಮೋಗ್ಲೋಬಿನ್ ವಂಶವಾಹಿಯನ್ನು ಓದಿ, ಅದನ್ನು ಬ್ಯಾಕ್ಟೀರಿಯಾದಿಂದ ತಯಾರಿಸಿ, ಅದು ಚಳಿಯಲ್ಲೂ ಸಲೀಸಾಗಿ ಆಮ್ಲಜನಕವನ್ನು ಬಿಟ್ಟುಕೊಡುತ್ತಿತ್ತೆಂದು 2010ರಲ್ಲಿ ಕೆವಿನ್ ಕ್ಯಾಂಪ್‌ಬೆಲ್ ಮತ್ತಿತರರು ತೋರಿಸಿದರು. ಏಷ್ಯಾದ ಆನೆಗೆ, ಎಂದರೆ ನಮ್ಮ ಬಂಡೀಪುರ, ನಾಗರಹೊಳೆಯ ಆನೆಗೂ, ಆಫ್ರಿಕದ ಆನೆಗಿಂತ ಮ್ಯಾಮತ್ ಹತ್ತಿರದ ನೆಂಟ ಎಂಬುದು ಖಚಿತವಾದದ್ದೂ ಇಂಥ ಡಿಎನ್‌ಎಯಿಂದಲೇ.

ಪ್ರಶ್ನೆ: ಹೊಲದ ಬದುವಿನಲ್ಲಿ ಅಗೆಯುವಾಗ ದನದ್ದನ್ನು ಹೋಲುವ, ಕಲ್ಲಿನಷ್ಟು ಭಾರವಾದ ದವಡೆಯೊಂದು ಸಿಕ್ಕಿದೆ. ತೊಳೆದು, ವಾರ್ನಿಷ್ ಹಚ್ಚಿ ಇಡಬಹುದೇ? (ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ದಯವಿಟ್ಟು ಎರಡೂ ಬೇಡ. ಫ್ರಾನ್ಸಿನಲ್ಲಿ 3,200 ವರ್ಷ ಹಿಂದಿನ ಆರೋಕ್ಸ್ ಎಂಬ, ಈಗ ಅಳಿದುಹೋಗಿರುವ ಕಾಡುದನದ ಅಸ್ಥಿಯ ಒಂದು ಭಾಗವನ್ನು 1947ರಲ್ಲಿ, ಉಳಿದದ್ದನ್ನು 2004ರಲ್ಲಿ ಹೊರತೆಗೆದಿದ್ದರು. ಹೊಸದಾಗಿ ಅಗೆದ ಮೂಳೆಗಳಲ್ಲಿ ಡಿಎನ್‌ಎ ಸಿಕ್ಕಿತು. ತೊಳೆದು 57 ವರ್ಷ ಸಂಗ್ರಹಾಲಯದಲ್ಲಿ ಇಟ್ಟಿದ್ದರಲ್ಲಿ ಸಿಗಲಿಲ್ಲ. ದವಡೆ ಕಲ್ಲಿನಷ್ಟು ಭಾರವಾಗಿದೆಯೆಂದರೆ ಮೂಳೆಯ ಜಾಗವನ್ನು ಖನಿಜ ಬಹುಮಟ್ಟಿಗೆ ಆಕ್ರಮಿಸಿರಬಹುದು, ಡಿಎನ್‌ಎಯ ಆಸೆ ಕಡಿಮೆಯೇ. ಆದರೂ ಮೆತ್ತಿದ ಮಣ್ಣಿನ ಸಮೇತ, ಬರಿಗೈಯಿಂದ ಮತ್ತೆ ಮುಟ್ಟದೆ ಕಾಗದದಲ್ಲಿ ಸುತ್ತಿ, ಬಿಸಿಲು ತಾಗದ ತಣ್ಣನೆಯ ಒಣ ಜಾಗದಲ್ಲಿಟ್ಟು, ಸಿಕ್ಕಿದ ಜಾಗದ ಆಳವನ್ನೂ ಗುರುತನ್ನೂ ಬರೆದಿಟ್ಟುಕೊಂಡು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗದವರಿಗೆ ತೋರಿಸಿ. ಬದುವಿನ ಆ ಜಾಗವನ್ನು ಅವರು ಬರುವವರೆಗೆ ಅಗೆಯಬೇಡಿ.