ಹಾಲ್ ಗ್ರಾಫಿನಲ್ಲಿ ಉಬ್ಬು ಕಂಡರೆ ಸ್ಕಿರ್ಮಿಯಾನ್ ಎನ್ನಬಹುದೇ?

ಹರಳಿನ ಹಾಲ್ ರೋಧಕತೆಯಿಂದ (ಕಾಂತಕ್ಷೇತ್ರದಲ್ಲಿ ಕರೆಂಟಿಗೆ ಅಡ್ಡಲಾಗಿ ಹುಟ್ಟುವ ವೋಲ್ಟೇಜಿನ ಅಳತೆ) ಕ್ಷೇತ್ರಕ್ಕೆ ಅನುಪಾತದಲ್ಲಿರುವ ಸಾಮಾನ್ಯ ಭಾಗವನ್ನೂ ಕಾಂತೀಕರಣಕ್ಕೆ ಅನುಪಾತದಲ್ಲಿರುವ ಭಾಗವನ್ನೂ ಕಳೆದ ಮೇಲೆ ಸಣ್ಣ ಉಬ್ಬು ಉಳಿಯುತ್ತದೆ, ಅದನ್ನು ಸ್ಕಿರ್ಮಿಯಾನ್ (ಸ್ಪಿನ್‌ಗಳ, ಅಂದರೆ ಪರಮಾಣುಗಳ ಪುಟ್ಟ ಕಾಂತಗಳ, ಸುಳಿ) ಎಂದು ಬರೆಯಲೇ ಎಂದು ಕೇಳಿದ್ದೀರಿ. ಉಬ್ಬೊಂದೇ ಆಧಾರವಾಗಿದ್ದರೆ ದಯವಿಟ್ಟು ಬರೆಯಬೇಡಿ.

ಮ್ಯಾಂಗನೀಸ್ ಸಿಲಿಸೈಡನ್ನೇ ನೋಡಿ. ಅದರಲ್ಲಿ ಸುಮಾರು 29 ಕೆಲ್ವಿನ್‌ಗಿಂತ ಕೆಳಗೆ ಸ್ಪಿನ್‌ಗಳು ಸುರುಳಿಯಾಗಿ ತಿರುಗುತ್ತವೆ, ಒಂದು ಸುತ್ತಿಗೆ ಸುಮಾರು 18 ನ್ಯಾನೊಮೀಟರ್. ಸ್ಕಿರ್ಮಿಯಾನ್ ಜಾಲ ಇರುವುದು 28 ಕೆಲ್ವಿನ್ ಆಸುಪಾಸಿನಲ್ಲಿ, 0.2 ಟೆಸ್ಲಾ ಹತ್ತಿರದ ಸಣ್ಣ ಕಿಂಡಿಯಲ್ಲಿ ಮಾತ್ರ. 2009ರಲ್ಲಿ ನ್ಯೂಟ್ರಾನ್ ಚದುರಿಕೆಯಿಂದ ಅದು ಖಚಿತವಾಯಿತು. ಅದೇ ವರ್ಷ ಅಲ್ಲಿ ಅಳೆದ ಟೋಪೊಲಾಜಿಕಲ್ ಹಾಲ್ ಅಂಶ, ಅಂದರೆ ಸ್ಕಿರ್ಮಿಯಾನ್‌ಗಳಿಂದ ಬರುವ ಉಬ್ಬು, ಸುಮಾರು 4.5 ನ್ಯಾನೊ ಓಮ್-ಸೆಂಟಿಮೀಟರ್. 100 ಮೈಕ್ರೊಮೀಟರ್ ದಪ್ಪದ ಹರಳಿಗೆ 5 ಮಿಲಿಆಂಪಿಯರ್ ಹರಿಸಿದರೆ ಸಿಗುವುದು ಎರಡು ನ್ಯಾನೊವೋಲ್ಟ್ ಚಿಲ್ಲರೆ. ಹಾಗಾಗಿ ಹರಳನ್ನು ತೆಳ್ಳಗೆ ಉಜ್ಜಿ, ಕಡಿಮೆ ಆವರ್ತನದ ಎಸಿ ಕರೆಂಟು, ಲಾಕ್-ಇನ್ (ಆ ಆವರ್ತನದ ಸಿಗ್ನಲ್ಲನ್ನಷ್ಟೇ ಹೆಕ್ಕುವ ಉಪಕರಣ), ಅದರ ಮುಂದೊಂದು ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಿ. ಕರೆಂಟು ಏರಿಸಿ ಸಿಗ್ನಲ್ ಹೆಚ್ಚಿಸುವ ಆಸೆ ಬೇಡ: ಸಿಲ್ವರ್ ಪೇಸ್ಟ್ ಕಾಂಟ್ಯಾಕ್ಟ್ ಬಿಸಿಯಾಗಿ ಹರಳು ಅರ್ಧ ಕೆಲ್ವಿನ್ ಮೇಲೇರಿದರೂ ಕಿಂಡಿ ಅತ್ತಿತ್ತ ಸರಿಯುತ್ತದೆ. ಅರ್ಧ ಕರೆಂಟಿನಲ್ಲಿ ಮತ್ತೊಮ್ಮೆ ಅಳೆಯಿರಿ, ಉಬ್ಬು ಅದೇ ಕ್ಷೇತ್ರದಲ್ಲಿ ಬರಬೇಕು.

ಹಾಲ್ ಕಾಂಟ್ಯಾಕ್ಟುಗಳು ಕೂದಲೆಳೆಯಷ್ಟು ಓರೆಯಾದರೂ ಉದ್ದದ ರೋಧ ಒಳಗೆ ನುಸುಳುತ್ತದೆ. ಧನ, ಋಣ ಕ್ಷೇತ್ರಗಳ ಅಳತೆಯ ವ್ಯತ್ಯಾಸದ ಅರ್ಧ ತೆಗೆದುಕೊಳ್ಳುವುದು ಅದಕ್ಕೇ. ಹಿಸ್ಟೆರಿಸಿಸ್ ಇದ್ದರೆ, ಅಂದರೆ ಕ್ಷೇತ್ರ ಏರಿಸುವಾಗಿನ ಗೆರೆ ಇಳಿಸುವಾಗಿನದಕ್ಕಿಂತ ಬೇರೆಯಾದರೆ, ಇಳಿಯುವ ಗೆರೆಯ ಧನ ಬಿಂದುವಿಗೆ ಏರುವ ಗೆರೆಯ ಋಣ ಬಿಂದುವನ್ನೇ ಜೋಡಿಸಬೇಕು. ಒಂದೇ ಗೆರೆಯ ಎರಡು ತುದಿಗಳನ್ನು ಜೋಡಿಸಿದರೆ ಇಲ್ಲದ ಉಬ್ಬು ಹುಟ್ಟುತ್ತದೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಮೋಸ ಮಾಡುವುದು ಕಳೆಯುವ ಹಂತ. ಕಾಂತೀಕರಣವನ್ನು ಉದ್ದನೆಯ ತುಂಡಿನಲ್ಲಿ, ಹಾಲ್ ಅನ್ನು ಚಪ್ಪಟೆ ಹಾಳೆಯಲ್ಲಿ ಅಳೆದಿದ್ದರೆ ಆಕಾರದಿಂದಾಗುವ ಡಿಮ್ಯಾಗ್ನೆಟೈಸೇಶನ್ (ಹರಳಿನ ಕಾಂತೀಕರಣವೇ ಒಳಗಿನ ಕ್ಷೇತ್ರವನ್ನು ತಗ್ಗಿಸುವುದು) ಬೇರೆ ಬೇರೆ. ಹಾಲ್ ಗೆರೆ ಬಾಗುವ ಕ್ಷೇತ್ರ ಒಂದು, ಕಾಂತೀಕರಣದ ಗೆರೆ ಬಾಗುವ ಕ್ಷೇತ್ರ ಇನ್ನೊಂದು. ಒಂದರಿಂದ ಇನ್ನೊಂದನ್ನು ಕಳೆದರೆ ನಡುವೆ ಚೆಂದದ ಉಬ್ಬೇಳುತ್ತದೆ! ಅದೇ ತುಂಡು, ಅದೇ ದಿಕ್ಕು, ಒಳಗಿನ ಕ್ಷೇತ್ರ ಲೆಕ್ಕ ಹಾಕಿ ಆಮೇಲೆ ಕಳೆಯಿರಿ. ಕ್ಷೇತ್ರದೊಂದಿಗೆ ಉದ್ದದ ರೋಧಕತೆಯೂ ಬದಲಾಗುತ್ತದಾದ್ದರಿಂದ ಅನುಪಾತದ ಗುಣಾಂಕವನ್ನು ಸ್ಥಿರವೆಂದು ಹಿಡಿಯಬೇಡಿ. ಮ್ಯಾಂಗನೀಸ್ ಸಿಲಿಸೈಡಿನಲ್ಲಿ ಆ ಗುಣಾಂಕ ಉದ್ದದ ರೋಧಕತೆಯ ವರ್ಗಕ್ಕೆ ಅನುಪಾತದಲ್ಲಿದೆ.

ಅನುಪಾತವೇ ಕೈಕೊಡುವ ವಸ್ತುಗಳೂ ಇವೆ. ಮೂರು ಮ್ಯಾಂಗನೀಸಿಗೆ ಒಂದು ತವರ ಇರುವ ಪ್ರತಿಫೆರೊಕಾಂತದಲ್ಲಿ (ಸ್ಪಿನ್‌ಗಳು ಪರಸ್ಪರ ರದ್ದಾಗುವ ವಸ್ತು) ಕಾಂತೀಕರಣ ನಗಣ್ಯ, ಆದರೂ ಕೊಠಡಿ ತಾಪದಲ್ಲೇ ದೊಡ್ಡ ಹಾಲ್ ಪರಿಣಾಮವಿದೆ. ಅಲ್ಲಿ ಉಳಿಕೆಗೆ ಸ್ಕಿರ್ಮಿಯಾನ್ ಬೇಕಿಲ್ಲ. ಸ್ಟ್ರಾನ್ಷಿಯಂ ರುಥೆನೇಟಿನ ಅತಿ ತೆಳು ಪದರಗಳಲ್ಲಿ ದಪ್ಪ ಒಂದೇ ಸಮ ಇಲ್ಲದಿದ್ದರೆ ವಿರುದ್ಧ ಚಿಹ್ನೆಯ ಎರಡು ಹಾಲ್ ಲೂಪುಗಳು ಕೂಡಿ ಅಂಥದ್ದೇ ಉಬ್ಬು ತೋರಿಸುತ್ತವೆ. ಹಾಲ್ ಚಿಹ್ನೆ ಬದಲಾಗುವ ತಾಪದ ಹತ್ತಿರವೇ ಉಬ್ಬು ಬಂದರೆ ಮೊದಲು ಇದನ್ನೇ ಶಂಕಿಸಿ.

ಇಷ್ಟಾದ ಮೇಲೂ ಉಬ್ಬು ಉಳಿದರೆ ಅದೇ ತುಂಡಿನ ಎಸಿ ಸಸೆಪ್ಟಿಬಿಲಿಟಿ (ಸಣ್ಣ ಎಸಿ ಕ್ಷೇತ್ರಕ್ಕೆ ಕಾಂತೀಕರಣ ಎಷ್ಟು ಸ್ಪಂದಿಸುತ್ತದೆ ಎಂಬುದು) ಅಳೆಯಿರಿ: ಸ್ಕಿರ್ಮಿಯಾನ್ ಕಿಂಡಿಯಲ್ಲಿ ಅದು ತಗ್ಗಿ, ಎರಡೂ ಅಂಚಿನಲ್ಲಿ ಮೇಲೇಳುತ್ತದೆ. ನಂತರ ಕ್ಷೇತ್ರಕ್ಕೆ ಸಮಾಂತರವಾದ ಕಿರಣದಲ್ಲಿ ಸಣ್ಣಕೋನ ನ್ಯೂಟ್ರಾನ್ ಚದುರಿಕೆ ಮಾಡಿಸಿ, ಆರು ಚುಕ್ಕೆ ಹುಡುಕಿ: ಸ್ಕಿರ್ಮಿಯಾನ್ ಜಾಲದ ಗುರುತು ಅದು. ಲೊರೆಂಟ್ಸ್ ಮೈಕ್ರೋಸ್ಕೋಪಿನ (ಕಾಂತೀಯ ವಿನ್ಯಾಸ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರವೂ ಒಳ್ಳೆಯದೇ, ಆದರೆ ಅದಕ್ಕೆಂದು ಕೊರೆದ ತೆಳು ಚೂರಿನಲ್ಲಿ ಸ್ಕಿರ್ಮಿಯಾನ್‌ಗಳು ಇನ್ನೂ ಅಗಲವಾದ ತಾಪವ್ಯಾಪ್ತಿಯಲ್ಲಿ ಉಳಿಯುತ್ತವೆ. ಆ ಚಿತ್ರವನ್ನು ದಪ್ಪ ಹರಳಿನ ಹಾಲ್ ಗ್ರಾಫಿನ ಪಕ್ಕ ಹಾಗೇ ಅಂಟಿಸಬೇಡಿ.